ಕಪ್ರೇಸೆ ಸಲಾಡ್ ಕೆಟ್ಟಿತೇ? ತಪ್ಪು ಎಲ್ಲಾಯಿತು ಎಂದು ಹುಡುಕುವ ಬಗೆ

ಟೊಮೆಟೊ, ಮೊಝರೆಲ್ಲಾ, ಬೇಸಿಲ್ ಎಲೆ, ಆಲಿವ್ ಎಣ್ಣೆ, ಉಪ್ಪು. ಕಪ್ರೇಸೆ ಸಲಾಡ್‌ಗೆ ಬೇಕಾದದ್ದು ಇಷ್ಟೇ. ಒಲೆ ಹಚ್ಚಬೇಕಿಲ್ಲ, ಒಗ್ಗರಣೆ ಇಲ್ಲ, ಮಸಾಲೆ ಇಲ್ಲ. ಇದರಲ್ಲಿ ಕೆಡುವುದಕ್ಕೆ ಏನಿದೆ ಅನಿಸುತ್ತದೆ. ಆದರೆ ತಪ್ಪನ್ನು ಮುಚ್ಚಿಹಾಕಲು ಇದರಲ್ಲಿ ಏನೂ ಇಲ್ಲ. ಸಾರಿಗೆ ಹಾಕಿದ ಟೊಮೆಟೊ ಸಪ್ಪೆಯಾದರೆ ಹುಣಸೆಹಣ್ಣು, ಬೆಲ್ಲ, ಇಂಗು ಕೈಹಿಡಿಯುತ್ತವೆ. ಇಲ್ಲಿ ಟೊಮೆಟೊ ಸಪ್ಪೆಯಾದರೆ ಇಡೀ ತಟ್ಟೆಯೇ ಸಪ್ಪೆ.

ಓದಲೆಂದು ನಾನು ಎರಡು ವರ್ಷ ಇಟಲಿಯ ಸಲೆರ್ನೋದಲ್ಲಿದ್ದೆ. ಕಂಪಾನಿಯಾ ಪ್ರಾಂತ್ಯದ ಸಮುದ್ರದ ದಂಡೆಯ ಊರು, ನೇಪಲ್ಸ್‌ಗಿಂತ ಸ್ವಲ್ಪ ದಕ್ಷಿಣಕ್ಕೆ. ಕಪ್ರೇಸೆ ಎಂದರೆ 'ಕಾಪ್ರಿಯದು' ಎಂದರ್ಥ. ನೇಪಲ್ಸ್ ಕೊಲ್ಲಿಯಲ್ಲಿರುವ ಕಾಪ್ರಿ ದ್ವೀಪದಿಂದ ಬಂದ ಹೆಸರು. ಊರಿಗೆ ಹೋದ ಎರಡನೇ ವಾರ, ಬಾಡಿಗೆ ಮನೆಯ ಒಡತಿ ಅಜ್ಜಿಗೆ ನಾನೇ ಕಪ್ರೇಸೆ ಮಾಡಿ ಕೊಟ್ಟೆ. ಫ್ರಿಜ್‌ನಿಂದ ಟೊಮೆಟೊ, ಫ್ರಿಜ್‌ನಿಂದ ಚೀಸ್. ಚೆಂದವಾಗಿ ಜೋಡಿಸಿದ್ದೆ. ಅಜ್ಜಿ ತಿನ್ನಲಿಲ್ಲ. ಬೆರಳಿನ ಹಿಂಬದಿಯಿಂದ ಒಂದು ಹೋಳನ್ನು ಮುಟ್ಟಿ, 'ಫ್ರೆದ್ದಾ' ಅಂದರು. ತಣ್ಣಗಿದೆ. ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಅರ್ಧ ಗಂಟೆ ಬೇರೆ ಏನೇನೋ ಮಾತಾಡಿದರು. ಆಮೇಲೆ ಇಬ್ಬರೂ ತಿಂದೆವು. ಅದೇ ತಟ್ಟೆ, ಅದೇ ಹೋಳು, ರುಚಿ ಮಾತ್ರ ಬೇರೆಯೇ ಆಗಿತ್ತು.

ಅಂದಿನಿಂದ ಈ ಸಲಾಡ್ ಕೆಟ್ಟಿತು ಎಂದು ಯಾರು ಹೇಳಿದರೂ ನಾನು ಕೇಳುವ ಮೊದಲ ಪ್ರಶ್ನೆ 'ಮುಟ್ಟಿದರೆ ಹೇಗಿದೆ?' ಎಂಬುದು. ಇದರಲ್ಲಿ ತಪ್ಪು ಹೆಚ್ಚಾಗಿ ಚಾಕು ಹಿಡಿಯುವ ಮುಂಚೆಯೇ ಆಗಿರುತ್ತದೆ. ಒಂದೋ ಅಂಗಡಿಯಲ್ಲಿ, ಇಲ್ಲವೇ ಫ್ರಿಜ್‌ನಲ್ಲಿ. ಕೊನೆಗೆ ಏನಾದರೂ ಸುರಿದು ಸರಿಮಾಡಲು ಹೋದರೆ ಇನ್ನಷ್ಟು ಕೆಡುತ್ತದೆ.

ಮೊದಲು ಬಿಡಿಸಿ ತಿಂದು ನೋಡಿ

ಸಲಾಡ್ ಚೆನ್ನಾಗಿಲ್ಲ ಅನಿಸಿದರೆ ಒಟ್ಟಿಗೆ ಇನ್ನೊಂದು ತುತ್ತು ತಿನ್ನಬೇಡಿ. ಬೇರೆ ಬೇರೆ ಮಾಡಿ. ಒಂದು ಟೊಮೆಟೊ ಹೋಳು, ಅದಕ್ಕೆ ಚಿಟಿಕೆ ಉಪ್ಪು, ಅಷ್ಟೇ ತಿನ್ನಿ. ನೀರು ಕುಡಿಯಿರಿ. ಆಮೇಲೆ ಬರೀ ಚೀಸ್. ಆಮೇಲೆ ಅರ್ಧ ಚಮಚ ಎಣ್ಣೆಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಿ. ಕೊನೆಗೆ ಒಂದು ಎಲೆಯನ್ನು ಜಗಿಯಿರಿ. ನಾಲ್ಕರಲ್ಲಿ ಯಾವುದು ಒಂಟಿಯಾಗಿ ತಿನ್ನಲು ಇಷ್ಟವಾಗಲಿಲ್ಲವೋ ತಪ್ಪು ಅಲ್ಲೇ ಇದೆ. ನಾಲ್ಕೂ ಒಂಟಿಯಾಗಿ ಚೆನ್ನಾಗಿದ್ದು, ಸೇರಿದಾಗ ಮಾತ್ರ ಕೆಟ್ಟರೆ ತಪ್ಪು ಉಪ್ಪಿನದೋ ನೀರಿನದೋ ಆಗಿರುತ್ತದೆ.

ಸರಿಯಾದ ಕಪ್ರೇಸೆ ಹೇಗಿರುತ್ತದೆ ಎಂಬುದೂ ಗೊತ್ತಿರಬೇಕು ಅಲ್ವಾ? ಹೋಳು ಮುಟ್ಟಿದರೆ ತಂಪೂ ಇರಬಾರದು, ಬೆಚ್ಚಗೂ ಇರಬಾರದು. ಮರದ ನೆರಳಿನಲ್ಲಿಟ್ಟ ಹಣ್ಣಿನ ಹಾಗೆ, ಸುಮಾರು 20 ಡಿಗ್ರಿ. ಚೀಸ್ ಹಲ್ಲಿಗೆ ಸ್ವಲ್ಪ ತಡೆದು ಆಮೇಲೆ ಬಿಟ್ಟುಕೊಡಬೇಕು, ಹಾಲಿನ ಸಿಹಿ ಬರಬೇಕು. ಟೊಮೆಟೊ ಸಿಹಿಹುಳಿ ಇರಬೇಕು. ತಟ್ಟೆಯ ತಳದಲ್ಲಿ ಎರಡು ಮೂರು ಚಮಚ ರಸ ಸೇರಿದ್ದರೆ ಅದು ತಪ್ಪಲ್ಲ. ಅದನ್ನು ಬ್ರೆಡ್ ತುಂಡಿನಿಂದ ಒರೆಸಿ ತಿನ್ನುವುದಕ್ಕೆ ಅಲ್ಲಿನವರು 'ಸ್ಕಾರ್ಪೆತ್ತಾ' ಅನ್ನುತ್ತಾರೆ, ಪುಟ್ಟ ಬೂಟು ಎಂದರ್ಥ. ನಾವು ಸಾರಿನ ಕೊನೆಯ ಹನಿಯನ್ನು ಬೆರಳಲ್ಲಿ ಬಳಿಯುವ ಹಾಗೆಯೇ.

ತಟ್ಟೆ ತುಂಬ ನೀರು ನಿಂತರೆ

ಅತಿ ಹೆಚ್ಚು ಜನ ಹೇಳುವ ತೊಂದರೆ ಇದು. ಹೋದ ಬೇಸಿಗೆಯಲ್ಲಿ ಧಾರವಾಡದಿಂದ ಅಕ್ಕ ಫೋನ್ ಮಾಡಿದಳು. 'ತಟ್ಟಿ ತುಂಬ ನೀರು ನಿಂತದ, ಏನು ಮಾಡ್ಲಿ?' ಅಂದಳು. 'ಅಕ್ಕಾ, ನೀರು ಯಾವ ಬಣ್ಣ ಅದ?' ಎಂದು ಕೇಳಿದೆ. ಹತ್ತಿರ ಹೋಗಿ ನೋಡಿ, 'ಬೆಳ್ಳಗ ಅದ, ಮಜ್ಜಿಗಿ ನೀರು ಇದ್ದಂಗ' ಅಂದಳು. ಅಲ್ಲಿಗೆ ಟೊಮೆಟೊ ನಿರಪರಾಧಿ ಎಂದು ಗೊತ್ತಾಯಿತು.

ನೀರಿನ ಬಣ್ಣವೇ ಎಲ್ಲ ಹೇಳುತ್ತದೆ. ಬೆಳ್ಳಗೆ, ಮಬ್ಬಾಗಿದ್ದರೆ ಚೀಸ್‌ನಿಂದ ಬಂದದ್ದು. ತಿಳಿಕೆಂಪು ಅಥವಾ ಹಳದಿಯಾಗಿ, ನಡುವೆ ಬೀಜ ತೇಲುತ್ತಿದ್ದರೆ ಟೊಮೆಟೊದ್ದು. ಬಣ್ಣವೇ ಇಲ್ಲದೆ ಸ್ವಚ್ಛವಾಗಿದ್ದರೆ ತೊಳೆದ ನೀರು. ಟೊಮೆಟೊ ಅಥವಾ ಎಲೆಯನ್ನು ಒರೆಸದೇ ಹಾಕಿದ್ದೀರಿ. ಮೂರನೆಯದಕ್ಕೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಮೊದಲ ಎರಡನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿಳಿ ನೀರು ಬಂದರೆ ಮೊದಲು ಸಂತೋಷಪಡಿ. ತಾಜಾ ಮೊಝರೆಲ್ಲಾದ ಗುರುತು ಅದು. ಗಿಣ್ಣದ ಹಾಗೆ ಹೆಪ್ಪಾದ ಹಾಲನ್ನು ಹೋಳು ಮಾಡಿ, ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಬಿಸಿಯ ನೀರಿನಲ್ಲಿ ಎಳೆದೆಳೆದು ನಾದುತ್ತಾರೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ತುಂಡು ಮಾಡುತ್ತಾರೆ. 'ಮೊಝಾರೆ' ಎಂದರೆ ತುಂಡರಿಸು, ಹೆಸರು ಬಂದದ್ದೇ ಅದರಿಂದ. ಎಳೆಯುವಾಗ ಪದರಗಳ ನಡುವೆ ಹಾಲಿನ ನೀರು ಸಿಕ್ಕಿಕೊಳ್ಳುತ್ತದೆ. ಕಂಪಾನಿಯಾದ ಎಮ್ಮೆ ಹಾಲಿನ ಮೊಝರೆಲ್ಲಾದಲ್ಲಿ ನೀರಿನ ಅಂಶ ಶೇಕಡಾ 65ರವರೆಗೆ ಇರಬಹುದು ಎಂದು ನಿಯಮವೇ ಇದೆ. ಹಾಗಿದ್ದ ಮೇಲೆ ಕತ್ತರಿಸಿದ ಕೂಡಲೇ ಸೋರದೆ ಇರುತ್ತದೆಯೇ?

ಪರಿಹಾರ ಸುಲಭ. ಚೀಸ್ ಅನ್ನು ತಟ್ಟೆಗೆ ಹಾಕುವ 20 ನಿಮಿಷ ಮೊದಲೇ ಹೋಳು ಮಾಡಿ, ಅಗಲ ಜರಡಿಯ ಮೇಲೆ ಒಂದೇ ಪದರವಾಗಿ ಹರಡಿ. ಕೆಳಗೊಂದು ಬಟ್ಟಲು ಇಡಿ. ತಾನಾಗಿ ಬಸಿಯಲಿ. ಒತ್ತಬೇಡಿ, ಹಿಂಡಬೇಡಿ, ಪೇಪರ್ ಸುತ್ತಿ ಭಾರ ಹೇರಬೇಡಿ. ಪನೀರಿಗೆ ಮಾಡುವ ಕೆಲಸ ಅದು. ಮೊಝರೆಲ್ಲಾವನ್ನು ಹಿಂಡಿದರೆ ನೀರಿನ ಜೊತೆ ಕೊಬ್ಬೂ ಹೋಗಿ ಒಳಗೆ ಬೆಂಡು ಉಳಿಯುತ್ತದೆ. ಎಮ್ಮೆ ಹಾಲಿನದು ತೀರಾ ಸೋರುತ್ತದೆ ಅನಿಸಿದರೆ ಹಸುವಿನ ಹಾಲಿನದನ್ನು ತನ್ನಿ. ಅದಕ್ಕೆ ಅಲ್ಲಿ 'ಫಿಯೋರ್ ದಿ ಲಾತ್ತೆ' ಎಂಬ ಬೇರೆ ಹೆಸರಿದೆ, ಹಾಲಿನ ಹೂವು ಎಂದರ್ಥ. ಅದು ಕಡಿಮೆ ಸೋರುತ್ತದೆ, ಸಲಾಡ್‌ಗೆ ಚೆನ್ನಾಗಿ ಹೊಂದುತ್ತದೆ. ಕಪ್ರೇಸೆಗೆ ಎಮ್ಮೆ ಹಾಲಿನದೇ ಆಗಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಮಾಲ್ಫಿ ಬೆಟ್ಟಸಾಲಿನ ಅಜೆರೋಲಾ ಊರಿನ ಫಿಯೋರ್ ದಿ ಲಾತ್ತೆ ತಿಂದವರು ಯಾರೂ ಒಪ್ಪಲಾರರು.

ಇನ್ನು ಕೆಂಪು ನೀರು. ಟೊಮೆಟೊದಲ್ಲಿ ಶೇಕಡಾ 94ರಷ್ಟು ನೀರೇ. ಉಪ್ಪು ಬಿದ್ದ ಕೂಡಲೇ ಅದು ಹೊರಗೆ ಬರುತ್ತದೆ. ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಹಾಕಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಕೆಲವರು ಇದನ್ನು ತಪ್ಪಿಸಲು ಬೀಜ, ಲೋಳೆ ಎಲ್ಲ ತೆಗೆದು ಬಿಸಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೊಮೆಟೊದ ರುಚಿಗೆ ಗಟ್ಟಿತನ ಕೊಡುವ ಗ್ಲುಟಮೇಟ್ ಅಂಶ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲೇ ಜಾಸ್ತಿ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ನೀರಿನ ಭಯಕ್ಕೆ ರುಚಿಯನ್ನೇ ಕಸದ ಬುಟ್ಟಿಗೆ ಹಾಕಿದ ಹಾಗಾಗುತ್ತದೆ.

ನಾನು ಮಾಡುವುದು ಹೀಗೆ. ಟೊಮೆಟೊವನ್ನು ಅಡ್ಡಕ್ಕೆ, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ಬಿಲ್ಲೆ ಮಾಡುತ್ತೇನೆ. ಓರೆ ಇಟ್ಟ ತಟ್ಟೆಯಲ್ಲಿ ಹರಡಿ, ಉಪ್ಪು ಉದುರಿಸಿ 10 ನಿಮಿಷ ಬಿಡುತ್ತೇನೆ. ಕೆಳಗೆ ಸೇರಿದ ರಸವನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ, ಆಲಿವ್ ಎಣ್ಣೆ ಸೇರಿಸಿ ಚಮಚದಲ್ಲಿ ಚೆನ್ನಾಗಿ ಕದಡುತ್ತೇನೆ. ಅದು ಸ್ವಲ್ಪ ಮಂದವಾಗುತ್ತದೆ. ಜೋಡಿಸಿದ ಮೇಲೆ ಅದನ್ನೇ ಮೇಲಿಂದ ಹಾಕುತ್ತೇನೆ. ಯಾವುದೂ ದಂಡವಾಗುವುದಿಲ್ಲ, ತಟ್ಟೆಯಲ್ಲಿ ಕೆರೆಯೂ ಆಗುವುದಿಲ್ಲ. ಸಲೆರ್ನೋದ ಅಜ್ಜಿ ಹೀಗೆ ಮಾಡುತ್ತಿರಲಿಲ್ಲ, ತಿನ್ನುವ ಗಳಿಗೆಯಲ್ಲಿ ಉಪ್ಪು ಹಾಕಿ ಕೂಡಲೇ ಕೂರಿಸುತ್ತಿದ್ದರು. ಅವರ ಟೊಮೆಟೊಗೆ ಅದು ಸಾಕಿತ್ತು. ನಮ್ಮ ಮಾರುಕಟ್ಟೆಯ ಟೊಮೆಟೊಗೆ ಈ ಹತ್ತು ನಿಮಿಷ ತುಂಬಾ ಸಹಾಯ ಮಾಡುತ್ತದೆ.

ಚಾಕುವನ್ನೂ ನೋಡಿ. ಮೊಂಡು ಚಾಕು ಸಿಪ್ಪೆಯನ್ನು ಕತ್ತರಿಸುವ ಮೊದಲು ಒಳಗಿನದನ್ನು ಜಜ್ಜುತ್ತದೆ. ಕತ್ತರಿಸುವ ಮಣೆ ಒದ್ದೆಯಾಗಿ ಕೆರೆಯಾದರೆ ಬೇರೆ ಕಾರಣ ಹುಡುಕಬೇಡಿ, ಚಾಕು ಮಸೆಯಿರಿ. ಇಲ್ಲದಿದ್ದರೆ ಬ್ರೆಡ್ ಕತ್ತರಿಸುವ ಗರಗಸದ ಹಲ್ಲಿನ ಚಾಕು ಬಳಸಿ.

ಚೀಸ್ ರಬ್ಬರಿನ ಹಾಗಿದ್ದರೆ

ಹಲ್ಲಿನ ನಡುವೆ ಕಿರುಗುಟ್ಟುತ್ತದೆ, ಎಷ್ಟು ಜಗಿದರೂ ಹಾಲಿನ ರುಚಿ ಇಲ್ಲ. ಮೊದಲು ಮುಟ್ಟಿ. ತಣ್ಣಗಿದೆಯೇ? ಹಾಗಾದರೆ ಇನ್ನೇನೂ ತೀರ್ಮಾನ ಮಾಡಬೇಡಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಹಸುವಿನ ಹಾಲಿನ ಸುಮಾರು ಎರಡರಷ್ಟು. ಆ ಕೊಬ್ಬು ಫ್ರಿಜ್‌ನಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿ ಬೆಣ್ಣೆಗೆ ರುಚಿ ಕಡಿಮೆ, ಕರಗುವ ಬೆಣ್ಣೆಗೆ ಜಾಸ್ತಿ ಅಲ್ವಾ? ಇದೂ ಹಾಗೆಯೇ. ಕಂಪಾನಿಯಾದ ಮನೆಗಳಲ್ಲಿ ಅವತ್ತು ಮಾಡಿದ್ದನ್ನು ಫ್ರಿಜ್‌ಗೆ ಇಡುವುದೇ ಇಲ್ಲ. ಅದರದೇ ನೀರಿನಲ್ಲಿ ಮುಳುಗಿಸಿ ಹೊರಗಿಟ್ಟು, ಅವತ್ತೇ ಅಥವಾ ಮರುದಿನ ತಿಂದು ಮುಗಿಸುತ್ತಾರೆ.

ನಮಗೆ ಫ್ರಿಜ್ ತಪ್ಪಿದ್ದಲ್ಲ. ಆಗ ಚೀಸ್ ಇರುವ ಪ್ಯಾಕೆಟನ್ನು ಬಿಚ್ಚದೆ, 35ರಿಂದ 40 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಸುಮಾರು ಐದು ನಿಮಿಷ ಮುಳುಗಿಸಿಡಿ. ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬಿಸಿ ಸಾಕು. ಅದಕ್ಕಿಂತ ಬಿಸಿಯಾದರೆ ಹೊರಗಿನ ಪದರ ಕರಗಿ ಅಂಟಾಗುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ.

ಬೆಚ್ಚಗಾದ ಮೇಲೂ ರಬ್ಬರೇ ಎಂದರೆ ಮಾಲೇ ಬೇರೆ. ನಮ್ಮ ಅಂಗಡಿಗಳಲ್ಲಿ ಮೊಝರೆಲ್ಲಾ ಎಂದು ಕೇಳಿದರೆ ಮೊದಲು ಕೈಗೆ ಕೊಡುವುದು ಪಿಜ್ಜಾಗೆ ಬಳಸುವ ಒಣ ಮೊಝರೆಲ್ಲಾ. ಇಟ್ಟಿಗೆಯ ಹಾಗೆ ಗಟ್ಟಿ, ತುಸು ಹಳದಿ, ನೀರಿಲ್ಲದ ಪ್ಯಾಕೆಟ್. ಅದನ್ನು ಕಡಿಮೆ ನೀರಿನಂಶದೊಂದಿಗೆ ಮಾಡಿರುತ್ತಾರೆ, ಕರಗಿಸಿ ತಿನ್ನಲೆಂದೇ. ಹಸಿಯಾಗಿ ತಿಂದರೆ ರಬ್ಬರ್ ಅನಿಸುವುದು ಅದರ ತಪ್ಪಲ್ಲ. ತುರಿದ ಪ್ಯಾಕೆಟ್ ಅಂತೂ ಇದಕ್ಕೆ ಆಗುವುದೇ ಇಲ್ಲ. ನಿಮಗೆ ಬೇಕಾದದ್ದು ಡಬ್ಬಿಯಲ್ಲಿ ಅಥವಾ ಚೀಲದಲ್ಲಿ ನೀರಿನ ಜೊತೆ ಬರುವ ಬಿಳಿ ಉಂಡೆ. ಬೆಂಗಳೂರಿನವರಿಗೆ ಈಗ ಇದು ಕಷ್ಟವಿಲ್ಲ. ವಲ್ಲೊಂಬ್ರೋಸಾ ಎಂಬ ಹೆಸರಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ಬೆಂಗಳೂರಿನಲ್ಲೇ ಇಟಲಿ ಬಗೆಯ ಚೀಸ್ ಮಾಡುತ್ತಾ ಬಂದಿದ್ದಾರೆ.

ಬಣ್ಣದಿಂದಲೂ ಗುರುತಿಸಬಹುದು. ಎಮ್ಮೆ ಹಾಲಿನದು ಪಿಂಗಾಣಿಯಷ್ಟು ಬಿಳಿ, ಹಸುವಿನದಕ್ಕೆ ಸ್ವಲ್ಪ ಕೆನೆ ಬಣ್ಣ. ಹುಲ್ಲಿನಿಂದ ಬರುವ ಹಳದಿ ಬಣ್ಣ ಹಸುವಿನ ಹಾಲಿನಲ್ಲಿ ಉಳಿಯುತ್ತದೆ, ಎಮ್ಮೆಯದರಲ್ಲಿ ಉಳಿಯುವುದಿಲ್ಲ. ಎಮ್ಮೆ ಹಾಲಿನ ಪೇಡೆ, ಎಮ್ಮೆ ಮೊಸರು ತಿಂದು ಬೆಳೆದ ಧಾರವಾಡದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಲೆರ್ನೋ ದಾಟಿ ಬತ್ತಿಪಾಲಿಯಾ, ಪೆಸ್ತುಮ್ ಕಡೆ ಹೋದಾಗ ಬಯಲಿನಲ್ಲಿ ಕರಿ ಎಮ್ಮೆಗಳು ಕೆಸರಿನಲ್ಲಿ ಮಲಗಿದ್ದನ್ನು ನೋಡಿ ನನಗೆ ಊರಿನ ಕೆರೆಯೇ ಕಣ್ಣಮುಂದೆ ಬಂತು.

ಒಂದು ಮಾತು ಸಸ್ಯಾಹಾರಿಗಳಿಗೆ. ಕಂಪಾನಿಯಾದ ಎಮ್ಮೆ ಮೊಝರೆಲ್ಲಾಕ್ಕೆ 1996ರಿಂದ ಯುರೋಪಿನ ಮೂಲಸ್ಥಳ ರಕ್ಷಣೆಯ ಗುರುತು ಇದೆ. ಅದರ ನಿಯಮದ ಪ್ರಕಾರ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಬೇಕು. ಇದು ಬೇಡ ಎನ್ನುವವರು ನಮ್ಮಲ್ಲಿ ತಯಾರಾದ, ಹಸಿರು ಚುಕ್ಕೆ ಇರುವುದನ್ನೇ ಕೊಳ್ಳಿ. ನಾನೂ ಅದನ್ನೇ ಕೊಳ್ಳುತ್ತೇನೆ.

ಮನೆಯಲ್ಲೇ ಮಾಡಿದ ಮೊಝರೆಲ್ಲಾ ಗಟ್ಟಿಯಾದರೆ ಜಾಸ್ತಿ ನಾದಿದ್ದೀರಿ ಎಂದರ್ಥ. ಹೊಳಪು ಬಂದು ನುಣುಪಾದ ಕೂಡಲೇ ನಿಲ್ಲಿಸಬೇಕು, ಇದು ಚಪಾತಿ ಹಿಟ್ಟಲ್ಲ. ಎಳೆಯೇ ಬರದೆ ಪುಡಿಪುಡಿಯಾದರೆ ಹಾಲನ್ನು ನೋಡಿ. ತಿಂಗಳುಗಟ್ಟಲೆ ಕೆಡದೆ ಇರುವ ಡಬ್ಬಿ ಹಾಲನ್ನು ಮೊದಲೇ ತೀರಾ ಜೋರಾಗಿ ಕಾಯಿಸಿರುತ್ತಾರೆ, ಅದರಲ್ಲಿ ಗಟ್ಟಿ ಹೆಪ್ಪು ಬರುವುದಿಲ್ಲ.

ಪನೀರ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಿ, ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಕಪ್ರೇಸೆ ಎಂದು ತಿಂದು ಕಪ್ರೇಸೆ ಇಷ್ಟೇನಾ ಎಂದು ತೀರ್ಮಾನಿಸಬೇಡಿ.

ಟೊಮೆಟೊಗೆ ರುಚಿಯೇ ಇಲ್ಲದಿದ್ದರೆ

ಇದರಲ್ಲಿ ಎರಡು ಬಗೆ. ಹುಳಿ ಜಾಸ್ತಿಯಾಗಿದೆಯೇ, ಅಥವಾ ಏನೂ ಇಲ್ಲದೆ ಬರೀ ನೀರು ಜಗಿದ ಹಾಗಿದೆಯೇ?

ಏನೂ ಇಲ್ಲ ಎಂದರೆ ಫ್ರಿಜ್ ಮೇಲೆ ಅನುಮಾನ ಪಡಿ. ಟೊಮೆಟೊದ ಪರಿಮಳ ಹತ್ತಾರು ಹಗುರ ವಾಸನೆಗಳು ಸೇರಿ ಆದದ್ದು. ಸುಮಾರು 12 ಡಿಗ್ರಿಗಿಂತ ಕೆಳಗಿಟ್ಟರೆ ಹಣ್ಣು ಅವನ್ನು ತಯಾರಿಸುವುದನ್ನು ನಿಲ್ಲಿಸುತ್ತಾ ಬರುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಹಣ್ಣನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟು ನೋಡಿದರು. ಆಮೇಲೆ ಹೊರಗೆ ತಂದರೂ ಹೋದ ಪರಿಮಳ ಪೂರ್ತಿ ಮರಳಲಿಲ್ಲ. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ತಂಪಿಗೆ ಪರಿಮಳದ ಜೀನ್‌ಗಳೇ ಮಂಕಾಗುತ್ತವೆ. ಸಿಹಿ, ಹುಳಿ ಹಾಗೇ ಉಳಿದಿರುತ್ತವೆ, ಪರಿಮಳ ಮಾತ್ರ ಹೋಗಿರುತ್ತದೆ. 'ನೋಡಲು ಚೆನ್ನಾಗಿದೆ, ಆದರೆ ಟೊಮೆಟೊ ಅನಿಸುತ್ತಿಲ್ಲ' ಎನ್ನುವ ದೂರು ಇದೇ. ಹಾಗಾಗಿ ಟೊಮೆಟೊ ಬುಟ್ಟಿಯಲ್ಲಿರಲಿ, ತೊಟ್ಟಿನ ಭಾಗ ಕೆಳಗೆ ಮಾಡಿ ಇಡಿ. ಒಳಗಿನ ತೇವ ತೊಟ್ಟಿನ ಗಾಯದಿಂದ ಆರಿಹೋಗುವುದು ತಪ್ಪುತ್ತದೆ. ತೀರಾ ಹಣ್ಣಾಗಿ ಇನ್ನು ಕೊಳೆಯುತ್ತದೆ ಎಂದಾಗ ಒಂದೆರಡು ದಿನ ಫ್ರಿಜ್‌ಗೆ ಇಟ್ಟರೆ ಪರವಾಗಿಲ್ಲ. ತಿನ್ನುವ ಹಿಂದಿನ ರಾತ್ರಿಯೇ ಹೊರಗೆ ತೆಗೆಯಿರಿ.

ಫ್ರಿಜ್ ಕಂಡೇ ಇಲ್ಲದ ಹಣ್ಣೂ ಸಪ್ಪೆಯಾದರೆ ತಳಿ ನೋಡಿ. ಅಂಗಡಿಯ ಗಟ್ಟಿ ಹೈಬ್ರಿಡ್ ಟೊಮೆಟೊ ಲಾರಿ ಪ್ರಯಾಣಕ್ಕೆಂದು ಬೆಳೆದದ್ದು. ಕೋಲಾರದ ಮಂಡಿಯಿಂದ ದೂರದ ರಾಜ್ಯಗಳಿಗೆ ಹೋಗುವ ಹಣ್ಣು ಒಡೆಯದೆ ತಲುಪಬೇಕು ತಾನೇ? ಹಾಗಾಗಿ ತಿರುಳು ದಪ್ಪ, ಲೋಳೆ ಕಡಿಮೆ. ಪೂರ್ತಿ ಕೆಂಪಾಗುವ ಮೊದಲೇ ಕೊಯ್ಯುತ್ತಾರೆ. ರೈತರಿಗೆ ಅದು ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹಸಿಯಾಗಿ ತಿನ್ನಲು ಜವಾರಿ ಟೊಮೆಟೊ ಹುಡುಕಿ. ಬೆಂಗಳೂರು, ಮೈಸೂರಿನ ಕಡೆ ನಾಟಿ ಅನ್ನುತ್ತಾರೆ. ಮೈಮೇಲೆ ಗೆರೆಗೆರೆ ಏಣು, ತೆಳು ಸಿಪ್ಪೆ, ತುಂಬ ಲೋಳೆ. ಕೊಂಡ ದಿನ ಹುಳಿ ಇರುತ್ತದೆ. ಮೂರು ದಿನ ಹೊರಗಿಟ್ಟು, ಒತ್ತಿದರೆ ಮೆತ್ತಗಾಗುವ ತನಕ ಕಾಯಿರಿ. ಹುಳಿ ಜಾಸ್ತಿ ಎನ್ನುವ ದೂರಿಗೂ ಇದೇ ಪರಿಹಾರ.

ಕಂಪಾನಿಯಾದಲ್ಲಿ ಈ ಸಲಾಡ್‌ಗೆ ಸೊರೆಂಟೋ ಟೊಮೆಟೊ ಇಷ್ಟಪಡುತ್ತಾರೆ. ಮುಷ್ಟಿಗಿಂತ ದೊಡ್ಡದು, ಗುಲಾಬಿ ಛಾಯೆ, ಮೈತುಂಬ ಏಣು. ಎತ್ತಿನ ಹೃದಯ ಎಂಬ ಹೆಸರಿನ 'ಕ್ವೋರೆ ದಿ ಬೂಯೆ'ಯನ್ನೂ ಹಾಕುತ್ತಾರೆ. ಹೆಸರುವಾಸಿಯಾದ ಸಾನ್ ಮಾರ್ಜಾನೋ ಸಾಸ್‌ಗೆ ಸರಿ, ಸಲಾಡ್‌ಗಲ್ಲ. ದುಡ್ಡು ಕೊಟ್ಟು ಅದರ ಡಬ್ಬಿ ತಂದು ಹೋಳು ಜೋಡಿಸಿದವರನ್ನು ನೋಡಿದ್ದೇನೆ, ಅದು ಕೆಲಸ ಮಾಡುವುದಿಲ್ಲ. ಅಲ್ಲಿ ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಊಟ. ಚಳಿಗಾಲದಲ್ಲಿ ಅಜ್ಜಿಯ ಮನೆಯಲ್ಲಿ ಕಪ್ರೇಸೆ ಎಂಬ ಮಾತೇ ಬರುತ್ತಿರಲಿಲ್ಲ. ನಮ್ಮಲ್ಲಿ ವರ್ಷವಿಡೀ ಟೊಮೆಟೊ ಸಿಗುತ್ತದೆ, ಆದರೆ ಮಳೆ ಹಿಡಿದ ವಾರಗಳ ಹಣ್ಣು ನೀರುನೀರು. ಆಗ ಚೆರ್ರಿ ಟೊಮೆಟೊ ತಂದು ಎರಡು ಹೋಳು ಮಾಡಿ ಹಾಕಿ. ಅದೂ ಸಿಗದಿದ್ದರೆ ಆ ಟೊಮೆಟೊದಲ್ಲಿ ಸಾರು ಮಾಡಿ, ಕಪ್ರೇಸೆಯನ್ನು ಮುಂದಕ್ಕೆ ಹಾಕಿ. ಸಪ್ಪೆ ಹಣ್ಣಿಗೆ ಸಕ್ಕರೆ ಉದುರಿಸಿದರೆ ಸಿಹಿಯಾದ ಸಪ್ಪೆ ಹಣ್ಣಾಗುತ್ತದೆ.

ಎಲೆ ಕಪ್ಪಾದರೆ, ಅಥವಾ ಪರಿಮಳ ಬೇರೆಯಾದರೆ

ಬೇಸಿಲ್ ಬಿಸಿಲಿನ ಗಿಡ. ಹತ್ತು ಡಿಗ್ರಿಗಿಂತ ಕೆಳಗೆ ಎಲೆಗೆ ಕಲೆ ಬಂದು ಕಪ್ಪಾಗುತ್ತದೆ. ಕೊತ್ತಂಬರಿ ಸೊಪ್ಪಿನ ಜೊತೆ ಫ್ರಿಜ್‌ನ ಟ್ರೇಯಲ್ಲಿ ಇಟ್ಟಿದ್ದರೆ ಅಲ್ಲಿಗೆ ಕಾರಣ ಸಿಕ್ಕಿತು. ಕಡ್ಡಿ ಸಮೇತ ಒಂದು ಲೋಟ ನೀರಿನಲ್ಲಿ ನಿಲ್ಲಿಸಿ ಅಡುಗೆಕಟ್ಟೆಯ ಮೇಲಿಡಿ. ತಟ್ಟೆಗೆ ಹಾಕಿದ ಮೇಲೆ ಕಪ್ಪಾದರೆ ಕತ್ತರಿಸಿದ್ದೇ ತಪ್ಪು. ಎಲೆ ಜಜ್ಜಿದ ಕಡೆ ಗಾಳಿ ತಾಗಿ, ಕತ್ತರಿಸಿಟ್ಟ ಬದನೆಕಾಯಿಯ ಹಾಗೆ ಬಣ್ಣ ತಿರುಗುತ್ತದೆ. ಸಣ್ಣ ಎಲೆ ಇಡಿಯಾಗಿ ಹಾಕಿ, ದೊಡ್ಡದನ್ನು ಕೈಯಲ್ಲಿ ಹರಿದು ಹಾಕಿ, ಎಲ್ಲಕ್ಕಿಂತ ಕೊನೆಗೆ.

ಎಲೆ ಹಸಿರಾಗಿಯೇ ಇದ್ದು ಕಷಾಯದ ವಾಸನೆ ಬಂದರೆ ಬಹುಶಃ ಮನೆಮುಂದಿನ ತುಳಸಿ ಹಾಕಿದ್ದೀರಿ. ತುಳಸಿ ಬೇಸಿಲ್‌ನ ಬಳಗದ್ದೇ, ಆದರೆ ಬೇರೆ ಗಿಡ. ಅದರ ಖಾರ ಹಾಲಿನ ರುಚಿಯನ್ನು ತುಳಿದುಬಿಡುತ್ತದೆ. ನಿಜವಾದ ಹತ್ತಿರದ ನೆಂಟ ನಮ್ಮ ಕಾಮಕಸ್ತೂರಿ. ಅದೂ ಬೇಸಿಲ್ ಕೂಡ ಒಂದೇ ಜಾತಿಯ ಗಿಡ, ತಳಿ ಮಾತ್ರ ಬೇರೆ. ಕಾಮಕಸ್ತೂರಿಯಲ್ಲಿ ಸೋಂಪಿನ ಘಮ ಜಾಸ್ತಿ, ಇಟಲಿಯ ತಳಿಯಲ್ಲಿ ಲವಂಗದ ಎಳೆ. ಬೇಸಿಲ್ ಸಿಗದ ಊರಿನಲ್ಲಿ ಕಾಮಕಸ್ತೂರಿಯ ನಾಲ್ಕು ಎಳೆ ಎಲೆ ಹಾಕಿ ನಾನು ಸಂತೋಷವಾಗಿ ತಿಂದಿದ್ದೇನೆ. ನಾಲ್ಕೇ, ಹೆಚ್ಚಲ್ಲ.

ಎಲ್ಲ ಸರಿ ಇದೆ, ಆದರೂ ಏನೋ ಕಮ್ಮಿ ಎಂದರೆ

ಉಪ್ಪು ಯಾವಾಗ ಹಾಕಿದಿರಿ? ಎಣ್ಣೆ ಹಾಕಿದ ಮೇಲೆ ಎಂದಾದರೆ ತಪ್ಪು ಸಿಕ್ಕಿತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹೋಳಿನ ಮೇಲೆ ಎಣ್ಣೆಯ ಪದರ ಇದ್ದರೆ ಹರಳು ಹಾಗೇ ಕೂರುತ್ತದೆ, ಒಂದು ತುತ್ತು ಸಪ್ಪೆ, ಇನ್ನೊಂದು ಉಪ್ಪುಪ್ಪು. ಮೊದಲು ಉಪ್ಪು, ಆಮೇಲೆ ಎಣ್ಣೆ. ಉಪ್ಪು ಟೊಮೆಟೊಗೆ ಮಾತ್ರ. ಚೀಸ್‌ಗೆ ಹಾಕಿದರೆ ಮತ್ತೆ ಬಿಳಿ ನೀರು ಶುರು.

ಎಣ್ಣೆಯ ಬಗ್ಗೆ ಎರಡು ಮಾತು. ಗಂಟಲಿನಲ್ಲಿ ಸ್ವಲ್ಪ ಖಾರ ಚುಚ್ಚಿದರೆ ಹೆದರಬೇಡಿ. ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯ ಗುಣ ಅದು, ಓಲಿಯೊಕ್ಯಾಂಥಾಲ್ ಎಂಬ ಅಂಶದಿಂದ ಬರುತ್ತದೆ. ಆದರೆ ಹಳೆ ಕಡಲೆಬೀಜದ ಹಾಗೆ ಕಮಟು ವಾಸನೆ ಬಂದರೆ ಎಣ್ಣೆ ಹೋಗಿದೆ. ಬಾಟಲಿಯನ್ನು ಒಲೆಯ ಪಕ್ಕ, ಬೆಳಕಿನಲ್ಲಿ ಇಟ್ಟರೆ ಬೇಗ ಹೀಗಾಗುತ್ತದೆ. ಯಾವ ವಾಸನೆಯೂ ಇಲ್ಲದಿದ್ದರೆ ಕರಿಯಲು ಮಾರುವ ಪೊಮೇಸ್ ಎಣ್ಣೆ ತಂದಿರಬಹುದು, ಚೀಟಿ ಓದಿ.

ಕಂದು ಬಣ್ಣದ ಬಾಲ್ಸಮಿಕ್ ವಿನೆಗರ್ ಹಾಕಿದರೆ ಹೋಟೆಲಿನ ಹಾಗೆ ಕಾಣುತ್ತದೆ ನಿಜ. ಆದರೆ ಅದು ಉತ್ತರ ಇಟಲಿಯ ಮೊದೇನಾ ಕಡೆಯದು, ಕಾಪ್ರಿಯ ತಟ್ಟೆಗೆ ಸೇರಿದ್ದಲ್ಲ. ಅದರ ಹುಳಿಸಿಹಿಯಲ್ಲಿ ಹಾಲಿನ ರುಚಿ ಮುಳುಗುತ್ತದೆ, ಬಿಳಿ ಚೀಸ್ ಕಂದಾಗುತ್ತದೆ. ಟೊಮೆಟೊ ಚೆನ್ನಾಗಿದ್ದರೆ ಬೇರೆ ಹುಳಿ ಬೇಕಾಗುವುದಿಲ್ಲ. ಒಣ ಒರೆಗಾನೊ ಬೇಕೆನಿಸಿದರೆ ಚಿಟಿಕೆ ಹಾಕಿ, ಅಲ್ಲಿಯೂ ಕೆಲವು ಮನೆಗಳಲ್ಲಿ ಹಾಕುತ್ತಾರೆ.

ಇದನ್ನು ಸರಿಮಾಡಲು ಹೋಗಬೇಡಿ

ಚೀಸ್ ಮೇಲೆ ಲೋಳೆ ಕಟ್ಟಿದರೆ, ಹಳದಿ ಕಲೆ ಬಂದಿದ್ದರೆ, ಪ್ಯಾಕೆಟ್ ಉಬ್ಬಿದ್ದರೆ, ಘಾಟು ಹುಳಿ ವಾಸನೆ ಬಂದರೆ ತೊಳೆದು ಬಳಸುವ ಯೋಚನೆ ಬೇಡ. 2010ರಲ್ಲಿ ಇಟಲಿಯಲ್ಲಿ ಪ್ಯಾಕೆಟ್ ತೆರೆದ ಮೇಲೆ ಮೊಝರೆಲ್ಲಾ ನೀಲಿಯಾಗುತ್ತಿದೆ ಎಂಬ ದೂರುಗಳು ಬಂದು, ಸಾವಿರಾರು ಉಂಡೆಗಳನ್ನು ವಶಪಡಿಸಿಕೊಂಡರು. ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣವಾಗಿತ್ತು. ಬಣ್ಣ ಬದಲಾದ ತಾಜಾ ಚೀಸ್ ಕಸಕ್ಕೆ ಹೋಗಲಿ. ಪ್ಯಾಕೆಟ್ ಬಿಚ್ಚಿದ ಮೇಲೆ ಉಳಿದದ್ದನ್ನು ಅದರ ನೀರಿನಲ್ಲೇ ಮುಳುಗಿಸಿ ಫ್ರಿಜ್‌ಗಿಟ್ಟು ಒಂದೆರಡು ದಿನದಲ್ಲಿ ಮುಗಿಸಿ. ಜೋಡಿಸಿದ ಸಲಾಡ್ ಉಳಿದರೆ ಮರುದಿನ ಸಲಾಡ್ ಆಗಿ ತಿನ್ನಲಾಗದು. ಬಿಸಿ ಪಾಸ್ತಾದಲ್ಲಿ ಕಲಸಿ.

ಮುಂದಿನ ಸಲ, ಗಡಿಯಾರ ನೋಡಿಕೊಂಡು

ಒಂದು ಗಂಟೆಗೆ ಊಟ, ನಾಲ್ಕು ಜನ ಎಂದಿಟ್ಟುಕೊಳ್ಳಿ. ಅರ್ಧ ಕಿಲೋ ಟೊಮೆಟೊ, 250 ಗ್ರಾಂ ಚೀಸ್, ಮೂರು ದೊಡ್ಡ ಚಮಚ ಎಣ್ಣೆ, ಹತ್ತು ಹದಿನೈದು ಎಲೆ.

ಟೊಮೆಟೊ ಬೆಳಗಿನಿಂದಲೇ ಹೊರಗಿದೆ. ಹನ್ನೆರಡು ಕಾಲಿಗೆ ಚೀಸ್ ಪ್ಯಾಕೆಟ್ ಹೊರಗೆ ತೆಗೆಯಿರಿ. ಏಪ್ರಿಲ್ ತಿಂಗಳ ಕಲಬುರಗಿಯೋ ರಾಯಚೂರೋ ಆದರೆ ಹನ್ನೆರಡೂವರೆಗೆ ತೆಗೆದರೆ ಸಾಕು. ಹನ್ನೆರಡೂ ಮುಕ್ಕಾಲು ಆಗುವ ಮೊದಲೇ ಹೋಳು ಮಾಡಿ ಜರಡಿಯ ಮೇಲಿಡಿ, ಅಥವಾ ಕೈಯಿಂದ ಹರಿಯಿರಿ. ಹರಿದ ಅಂಚಿಗೆ ಎಣ್ಣೆ ಚೆನ್ನಾಗಿ ಹಿಡಿಯುತ್ತದೆ, ನನಗೆ ಅದೇ ಇಷ್ಟ. ಹತ್ತು ನಿಮಿಷ ಇರುವಾಗ ಟೊಮೆಟೊ ಕತ್ತರಿಸಿ ಉಪ್ಪು ಹಾಕಿ. ಎಲ್ಲರೂ ಕುಳಿತ ಮೇಲೆ ಜೋಡಿಸಿ, ರಸ ಕದಡಿದ ಎಣ್ಣೆ ಹಾಕಿ, ಕೊನೆಗೆ ಎಲೆ. ತಟ್ಟೆ ಮುಂದಿಡುವ ಮುನ್ನ ಬೆರಳಿನ ಹಿಂಬದಿಯಿಂದ ಒಂದು ಹೋಳು ಮುಟ್ಟಿ ನೋಡಿ. ಇನ್ನೂ ತಣ್ಣಗಿದ್ದರೆ ಮೊದಲು ಬ್ರೆಡ್ ಹಂಚಿ, ಐದು ಹತ್ತು ನಿಮಿಷ ಮಾತಾಡುತ್ತಾ ಕೂತಿರಿ.